ಕ್ಯಾಲ್ಕುಲಸ್ ಹೋಂವರ್ಕ್ ಮತ್ತು ದಿನಬಳಕೆಯ ಫಿಸಿಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ವಿಜ್ಞಾನ, ಬಿಎಸ್ಸಿ, ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಜಾಗಗಳು ಇಲ್ಲಿವೆ. ಅಡುಗೆಮನೆ, ಬಚ್ಚಲು, ರಸ್ತೆಯ ಪ್ರಶ್ನೆಗಳನ್ನು ಮನೆಯ ದೊಡ್ಡವರೂ ಕೇಳುತ್ತಾರೆ, ಅವನ್ನೂ ಸೇರಿಸಿದ್ದೇವೆ. ತ್ರಿಕೋನಮಿತಿ ಬಂದಲ್ಲೆಲ್ಲ ಕೋನ ರೇಡಿಯನ್‌ನಲ್ಲಿದೆ ಎಂದೇ ಓದಿಕೊಳ್ಳಿ.

ಒಂದು ಲೆಕ್ಕಕ್ಕೆ ಸಹಾಯ ಕೇಳುವಾಗ ಏನೇನು ಬರೆಯಬೇಕು?

ಮೊದಲು ಪ್ರಶ್ನೆ, ಪುಸ್ತಕದಲ್ಲಿ ಇದ್ದ ಹಾಗೇ. "ಎಕ್ಸ್ ಸೊನ್ನೆಗಿಂತ ದೊಡ್ಡದು" ಎಂಬಂಥ ಚಿಕ್ಕ ಷರತ್ತನ್ನು ಫೋಟೋ ಕತ್ತರಿಸುವಾಗ ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ. ಆಮೇಲೆ ನೀವು ಮಾಡಿದ ಸಾಲುಗಳು, ಯಾವ ಸಾಲಿನವರೆಗೆ ಧೈರ್ಯವಿದೆ, ಎಲ್ಲಿಂದ ಅನುಮಾನ ಶುರುವಾಯಿತು ಅನ್ನುವುದು. "ಏನೂ ಅರ್ಥವಾಗಲಿಲ್ಲ" ಎಂದು ಬರೆದರೆ ಉತ್ತರ ಕೊಡುವವರು ಪಾಠವನ್ನು ಮೊದಲಿಂದ ಹೇಳಬೇಕು, ಅಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ.

ಟೈಪ್ ಮಾಡುವವರು ಆವರಣ ಚಿಹ್ನೆ ಮರೆಯಬೇಡಿ. 1/ಎಕ್ಸ್+2 ಎಂದರೆ ಒಂದನ್ನು ಎಕ್ಸ್‌ನಿಂದ ಭಾಗಿಸಿ ಎರಡು ಕೂಡಿಸಿದ್ದು, 1/(ಎಕ್ಸ್+2) ಬೇರೆಯೇ ಫಂಕ್ಷನ್. ಎಕ್ಸ್ 2 ಆದಾಗ ಮೊದಲನೆಯದು 2.5, ಎರಡನೆಯದು 0.25.

ಇಂಟಿಗ್ರೇಷನ್ ಉತ್ತರ ಪುಸ್ತಕದ ಹಿಂದಿರುವ ಉತ್ತರಕ್ಕೆ ಹೊಂದುತ್ತಿಲ್ಲ. ನನ್ನದು ತಪ್ಪೇ?

ತಪ್ಪೇ ಆಗಿರಬೇಕೆಂದಿಲ್ಲ. ಸೈನ್ ಎಕ್ಸ್ · ಕಾಸ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ ನೋಡಿ. ಸೈನ್ ಎಕ್ಸ್ ಅನ್ನು ಯು ಎಂದಿಟ್ಟರೆ ½ ಸೈನ್² ಎಕ್ಸ್ ಬರುತ್ತದೆ. ಕಾಸ್ ಎಕ್ಸ್ ಅನ್ನು ಯು ಎಂದಿಟ್ಟರೆ −½ ಕಾಸ್² ಎಕ್ಸ್. ಮೊದಲೇ ½ ಸೈನ್ 2ಎಕ್ಸ್ ಎಂದು ಬದಲಿಸಿಕೊಂಡರೆ −¼ ಕಾಸ್ 2ಎಕ್ಸ್. ಮೂರೂ ಸರಿ, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬರೀ ಸ್ಥಿರಾಂಕ. ಕೊನೆಗೆ "ಪ್ಲಸ್ ಸಿ" ಬರೆಯಲು ಮೇಷ್ಟ್ರು ಅಷ್ಟು ಹಟ ಹಿಡಿಯುವುದು ಇದಕ್ಕೇ.

ತಾಳೆ ನೋಡುವುದು ಸುಲಭ. ನಿಮ್ಮ ಉತ್ತರ, ಪುಸ್ತಕದ ಉತ್ತರ ಎರಡಕ್ಕೂ ಎಕ್ಸ್ = 0 ಹಾಕಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಹಾಗೆಯೇ ಎಕ್ಸ್ = 1 ಹಾಕಿ ಕಳೆಯಿರಿ. ಮೇಲಿನ ಮೊದಲ ಮತ್ತು ಮೂರನೆಯ ಉತ್ತರಗಳಿಗೆ ಸೊನ್ನೆಯಲ್ಲಿ 0 − (−0.25) = 0.25, ಒಂದರಲ್ಲಿ 0.354 − 0.104 = 0.25. ವ್ಯತ್ಯಾಸ ಒಂದೇ ಬಂದರೆ ಬಹುತೇಕ ನೀವು ಗೆದ್ದಂತೆ. ಪೂರ್ತಿ ಖಾತ್ರಿ ಬೇಕಿದ್ದರೆ ನಿಮ್ಮ ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿ, ಪ್ರಶ್ನೆಯಲ್ಲಿದ್ದ ಫಂಕ್ಷನ್ ವಾಪಸ್ ಬರಬೇಕು.

ಡೆರಿವೇಟಿವ್ ಸರಿಯಿದೆಯೋ ಇಲ್ಲವೋ, ಯಾರನ್ನೂ ಕೇಳದೆ ತಿಳಿಯುವುದು ಹೇಗೆ?

ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು. ಎಕ್ಸ್² ಸೈನ್ ಎಕ್ಸ್ ತೆಗೆದುಕೊಳ್ಳಿ. ಅವಸರದಲ್ಲಿ ಅನೇಕರು ಬರೆಯುವುದು 2ಎಕ್ಸ್ ಕಾಸ್ ಎಕ್ಸ್, ಅಂದರೆ ಎರಡನ್ನೂ ಬೇರೆ ಬೇರೆ ಡಿಫರೆನ್ಶಿಯೇಟ್ ಮಾಡಿ ಗುಣಿಸಿದ್ದು. ಪ್ರಾಡಕ್ಟ್ ರೂಲ್ ಪ್ರಕಾರ ಬರಬೇಕಾದ್ದು 2ಎಕ್ಸ್ ಸೈನ್ ಎಕ್ಸ್ + ಎಕ್ಸ್² ಕಾಸ್ ಎಕ್ಸ್.

ಈಗ ಎಕ್ಸ್ = 1 ಮತ್ತು 1.001 ಎರಡರಲ್ಲೂ ಮೂಲ ಫಂಕ್ಷನ್ನಿನ ಬೆಲೆ ತೆಗೆಯಿರಿ: 0.841471 ಮತ್ತು 0.843696. ಹೆಚ್ಚಾದದ್ದು 0.002225, ಅದನ್ನು 0.001ರಿಂದ ಭಾಗಿಸಿದರೆ 2.225. ತಪ್ಪು ಸೂತ್ರ ಹೇಳುವುದು 1.081, ಸರಿಯಾದ ಸೂತ್ರ ಹೇಳುವುದು 2.223. ಮೂರನೆಯ ದಶಮಾಂಶದ ಸಣ್ಣ ವ್ಯತ್ಯಾಸ 0.001 ಪೂರ್ತಿ ಸೊನ್ನೆಯಲ್ಲದ ಕಾರಣಕ್ಕೆ ಬಂದದ್ದು. ಹಾಗಂತ 0.000000001 ಹಾಕಲು ಹೋಗಬೇಡಿ. ಕ್ಯಾಲ್ಕುಲೇಟರ್ ಇಟ್ಟುಕೊಳ್ಳುವ ಅಂಕಿಗಳು ಮುಗಿದುಹೋಗಿ ಉತ್ತರ ಅಡ್ಡಾದಿಡ್ಡಿ ಬರುತ್ತದೆ.

ಇನ್ನೊಂದು ಎಚ್ಚರಿಕೆ, ಪರೀಕ್ಷೆಗೆ 0 ಆರಿಸಬೇಡಿ. ಇದೇ ಉದಾಹರಣೆಯಲ್ಲಿ ಎಕ್ಸ್ = 0 ಹಾಕಿದರೆ ಸರಿ ಉತ್ತರವೂ 0, ತಪ್ಪು ಉತ್ತರವೂ 0.

ಚೈನ್ ರೂಲ್‌ನಲ್ಲಿ ಯಾವಾಗಲೂ ಒಂದು ಗುಣಕ ಬಿಟ್ಟುಹೋಗುತ್ತದೆ.

ಹೊರಗಿನ ಫಂಕ್ಷನ್ ಯಾವುದು, ಒಳಗಿನದು ಯಾವುದು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೇ ಶುರು ಮಾಡಿ. ಸೈನ್(ಎಕ್ಸ್²)ದಲ್ಲಿ ಹೊರಗೆ ಸೈನ್, ಒಳಗೆ ವರ್ಗ, ಉತ್ತರ 2ಎಕ್ಸ್ ಕಾಸ್(ಎಕ್ಸ್²). ಸೈನ್² ಎಕ್ಸ್‌ನಲ್ಲಿ ಹೊರಗೆ ವರ್ಗ, ಒಳಗೆ ಸೈನ್, ಉತ್ತರ 2 ಸೈನ್ ಎಕ್ಸ್ ಕಾಸ್ ಎಕ್ಸ್. ಬರೆಯುವ ರೀತಿಯಲ್ಲಿ ವರ್ಗದ 2 ಸೈನ್ ಪಕ್ಕದಲ್ಲಿ ಕೂತಿರುವುದರಿಂದ ಗೊಂದಲ. ಸೈನ್² ಎಕ್ಸ್ ಅನ್ನು (ಸೈನ್ ಎಕ್ಸ್)² ಎಂದು ಬರೆದುಕೊಂಡರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಲಾಪಿಟಾಲ್ ನಿಯಮ ಹಾಕಿದರೆ ಲಿಮಿಟ್ ತಪ್ಪು ಬರುತ್ತಿದೆ.

0/0 ಅಥವಾ ಅನಂತ/ಅನಂತ ರೂಪ ಬಂದಿದೆಯೇ ಎಂದು ನೋಡದೆ ಹಾಕಿರುತ್ತೀರಿ. ಎಕ್ಸ್ 2ರತ್ತ ಹೋದಾಗ (ಎಕ್ಸ್²+3)/(ಎಕ್ಸ್+1)ರ ಲಿಮಿಟ್ ನೇರವಾಗಿ 7/3. ನಿಯಮ ಹಾಕಿದರೆ 2ಎಕ್ಸ್/1, ಅಂದರೆ 4 ಬರುತ್ತದೆ, ಶುದ್ಧ ತಪ್ಪು. ಮೊದಲು ಬೆಲೆ ಹಾಕಿ ನೋಡುವುದೇ ಮೊದಲ ಹೆಜ್ಜೆ. ಅಂದಹಾಗೆ ಅಂಶ, ಛೇದಗಳನ್ನು ಇಲ್ಲಿ ಬೇರೆ ಬೇರೆಯಾಗಿ ಡಿಫರೆನ್ಶಿಯೇಟ್ ಮಾಡಬೇಕು, ಕ್ವೋಶಿಯಂಟ್ ರೂಲ್ ಇಲ್ಲಿಗೆ ಬರುವುದಿಲ್ಲ.

ಕ್ಯಾಲ್ಕುಲೇಟರ್‌ನಲ್ಲಿ ಸೈನ್ ಎಕ್ಸ್ / ಎಕ್ಸ್ 1ರ ಹತ್ತಿರ ಬರದೆ 0.01745 ಬರುತ್ತಿದೆ.

ಡಿಗ್ರಿ ಮೋಡ್‌ನಲ್ಲಿದೆ. 0.01745 ಅಂದರೆ ಪೈಯನ್ನು 180ರಿಂದ ಭಾಗಿಸಿದ್ದು. ರೇಡಿಯನ್‌ಗೆ ಬದಲಿಸಿ. ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್ ಆಗುವುದೂ ರೇಡಿಯನ್‌ನಲ್ಲಿ ಮಾತ್ರ.

ಲಾಗ್ ಅಂದರೆ ಯಾವ ಲಾಗ್?

ಗಣಿತದ ಪಠ್ಯಪುಸ್ತಕದ ಕ್ಯಾಲ್ಕುಲಸ್ ಅಧ್ಯಾಯಗಳಲ್ಲಿ ಬುಡ ಬರೆಯದ ಲಾಗ್ ಅಂದರೆ ಬುಡ "ಇ". ಕೆಮಿಸ್ಟ್ರಿಯಲ್ಲಿ ಸಾಮಾನ್ಯವಾಗಿ ಬುಡ 10. ಕ್ಯಾಲ್ಕುಲೇಟರ್‌ನ "ಲಾಗ್" ಗುಂಡಿ ಒತ್ತಿದರೆ 2ಕ್ಕೆ 0.301, "ಎಲ್‌ಎನ್" ಗುಂಡಿಗೆ 0.693. ನಡುವಿನ ಗುಣಕ 2.303. ಕೆಮಿಸ್ಟ್ರಿಯ ಮೊದಲ ದರ್ಜೆಯ ಕ್ರಿಯೆಯ ಸೂತ್ರದಲ್ಲಿ ತಲೆಹಾಕುವ 2.303 ಇದೇ.

ಡೆಫಿನಿಟ್ ಇಂಟಿಗ್ರಲ್‌ನಲ್ಲಿ ಎಲ್ಲಿ ಹೆಚ್ಚು ಮಾರ್ಕ್ಸ್ ಹೋಗುತ್ತವೆ?

ಸಬ್‌ಸ್ಟಿಟ್ಯೂಷನ್ ಮಾಡಿ ಮಿತಿಗಳನ್ನು ಬದಲಿಸದೆ ಬಿಡುವುದರಲ್ಲಿ. 0ಯಿಂದ 2ರವರೆಗೆ ಎಕ್ಸ್ · ಇ^(ಎಕ್ಸ್²) ಲೆಕ್ಕದಲ್ಲಿ ಯು = ಎಕ್ಸ್² ಎಂದಿಟ್ಟಾಗ ಮಿತಿಗಳು 0, 4 ಆಗಬೇಕು. ಉತ್ತರ ½(ಇ⁴ − 1), ಸುಮಾರು 26.8. ಹಳೆಯ ಮಿತಿ 2 ಅನ್ನೇ ಉಳಿಸಿಕೊಂಡರೆ 3.19.

ಇನ್ನೊಂದು ಜಾಗ ಇದಕ್ಕಿಂತ ಕಳ್ಳತನದ್ದು. −1ರಿಂದ 1ರವರೆಗೆ 1/ಎಕ್ಸ್² ಇಂಟಿಗ್ರೇಟ್ ಮಾಡಿ ಎಂದರೆ −1/ಎಕ್ಸ್‌ಗೆ ಮಿತಿ ಹಾಕಿ −2 ಎಂದು ಬರೆದು ಮುಂದೆ ಹೋಗುತ್ತಾರೆ. 1/ಎಕ್ಸ್² ಎಲ್ಲಿಯೂ ಋಣವಲ್ಲ, ಅದರ ಕೆಳಗಿನ ವಿಸ್ತೀರ್ಣ −2 ಹೇಗಾದೀತು? ನಡುವೆ ಎಕ್ಸ್ = 0ರಲ್ಲಿ ಫಂಕ್ಷನ್ ಮೇಲಕ್ಕೆ ಹಾರಿಹೋಗಿದೆ, ಈ ಇಂಟಿಗ್ರಲ್‌ಗೆ ಬೆಲೆಯೇ ಇಲ್ಲ. ಮಿತಿ ಹಾಕುವ ಮೊದಲು ಛೇದ ಎಲ್ಲಿ ಸೊನ್ನೆಯಾಗುತ್ತದೆ ಎಂದು ನೋಡಿ.

"ವಿಸ್ತೀರ್ಣ ಕಂಡುಹಿಡಿಯಿರಿ" ಎಂದು ಕೇಳಿದಾಗ ಎಕ್ಸ್ ಅಕ್ಷದ ಕೆಳಗಿನ ಭಾಗವನ್ನು ಬೇರೆ ಮಾಡಿ ಧನಾತ್ಮಕವಾಗಿ ಕೂಡಿಸಬೇಕು. ಸೈನ್ ಎಕ್ಸ್ ಅನ್ನು 0ಯಿಂದ 2ಪೈವರೆಗೆ ಇಂಟಿಗ್ರೇಟ್ ಮಾಡಿದರೆ 0, ವಿಸ್ತೀರ್ಣ 4.

ದರದ ಲೆಕ್ಕಗಳಲ್ಲಿ (ಶಂಕುವಿಗೆ ನೀರು ತುಂಬುವುದು, ಜಾರುವ ಏಣಿ) ಉತ್ತರ ಸೊನ್ನೆ ಬರುತ್ತದೆ, ಯಾಕೆ?

ಆ ಕ್ಷಣದ ಬೆಲೆಯನ್ನು ಡಿಫರೆನ್ಶಿಯೇಟ್ ಮಾಡುವ ಮೊದಲೇ ಹಾಕಿಬಿಟ್ಟಿದ್ದೀರಿ. ಬದಲಾಗುವ ಆಳ ಆಗ ಸ್ಥಿರಾಂಕವಾಗಿಬಿಡುತ್ತದೆ.

12 ಸೆಂಮೀ ಎತ್ತರ, ಬಾಯಿಯ ತ್ರಿಜ್ಯ 6 ಸೆಂಮೀ ಇರುವ ತಲೆಕೆಳಗಾದ ಶಂಕು, ಸೆಕೆಂಡಿಗೆ 10 ಘನ ಸೆಂಮೀ ನೀರು ಬೀಳುತ್ತಿದೆ ಎನ್ನಿ. ನೀರಿನ ತ್ರಿಜ್ಯ ಯಾವಾಗಲೂ ಆಳದ ಅರ್ಧ, ಹಾಗಾಗಿ ಗಾತ್ರ = ಪೈ × ಆಳ³/12. ಇದನ್ನು ಕಾಲದ ಮೇಲೆ ಡಿಫರೆನ್ಶಿಯೇಟ್ ಮಾಡಿ: 10 = (ಪೈ × ಆಳ²/4) × ಆಳ ಏರುವ ದರ. ಆಳ = 4 ಹಾಕುವುದು ಈಗ. ದರ ಸೆಕೆಂಡಿಗೆ 0.80 ಸೆಂಮೀ. ಆಳ 8 ಆದಾಗ 0.20, ಕಾಲು ಭಾಗ. ಮೇಲೆ ಹೋದಂತೆ ಶಂಕು ಅಗಲವಾಗುವುದರಿಂದ ಹೀಗೇ ಆಗಬೇಕು. ಇಂಥ ಒಂದು ಅಂದಾಜು ಮನಸ್ಸಲ್ಲಿದ್ದರೆ ಚಿಹ್ನೆ ತಪ್ಪಿದ್ದೂ ಕಣ್ಣಿಗೆ ಬೀಳುತ್ತದೆ.

ಮನೆಯ ಮೇಲಿನ ನೀರಿನ ಟ್ಯಾಂಕ್ ಖಾಲಿಯಾಗಲು ಎಷ್ಟು ಹೊತ್ತು ಬೇಕು? ಮಗ ಹೇಳುವುದು 10 ನಿಮಿಷ, ನಿಜವಾಗಿ ಅರ್ಧ ಗಂಟೆ ಹಿಡಿಯುತ್ತದೆ.

ಇಬ್ಬರ ಮಾತಿಗೂ ಕಾರಣವಿದೆ, ಬಿಡಿಸಿ ನೋಡಬೇಕಾದ ಲೆಕ್ಕ ಇದು. ವ್ಯಾಸ 1 ಮೀಟರ್, ನೀರಿನ ಎತ್ತರ 1.2 ಮೀಟರ್ ಇರುವ ಟ್ಯಾಂಕ್, ಅಂದರೆ ಸುಮಾರು 940 ಲೀಟರ್. ತಳದಲ್ಲಿ 2 ಸೆಂಮೀ ವ್ಯಾಸದ ತೂತು, ಪೈಪ್ ಇಲ್ಲ, ನೀರು ನೇರವಾಗಿ ಹೊರಗೆ ಬೀಳುತ್ತದೆ ಎಂದಿಟ್ಟುಕೊಳ್ಳಿ.

ಟೊರಿಸೆಲ್ಲಿ ನಿಯಮದಂತೆ ನೀರು ಹೊರಬೀಳುವ ವೇಗ √(2 × ಜಿ × ಎತ್ತರ). ಶುರುವಿನಲ್ಲಿ √(2 × 9.8 × 1.2), ಸೆಕೆಂಡಿಗೆ 4.85 ಮೀಟರ್. ತೂತಿನ ವಿಸ್ತೀರ್ಣಕ್ಕೆ ಗುಣಿಸಿದರೆ ಸೆಕೆಂಡಿಗೆ ಸುಮಾರು 1.52 ಲೀಟರ್. 940 ಅನ್ನು 1.52ರಿಂದ ಭಾಗಿಸಿದರೆ 10 ನಿಮಿಷ ಚಿಲ್ಲರೆ. ಮಗನ ಲೆಕ್ಕ ಇಲ್ಲಿಗೆ ನಿಂತಿದೆ. ಆದರೆ ನೀರು ಇಳಿದಂತೆ ಎತ್ತರ ಕಡಿಮೆಯಾಗುತ್ತದೆ, ವೇಗವೂ ಕಡಿಮೆಯಾಗುತ್ತದೆ.

ಆದ್ದರಿಂದ ಎತ್ತರ ಇಳಿಯುವ ದರವನ್ನು ಬರೆಯಬೇಕು: ದರ = −(ತೂತಿನ ವಿಸ್ತೀರ್ಣ / ಟ್ಯಾಂಕಿನ ವಿಸ್ತೀರ್ಣ) × √(2 × ಜಿ × ಎತ್ತರ). ವಿಸ್ತೀರ್ಣಗಳ ಅನುಪಾತ ವ್ಯಾಸಗಳ ಅನುಪಾತದ ವರ್ಗ, 1/2500. ಎತ್ತರದ ಪದಗಳನ್ನು ಒಂದು ಕಡೆ, ಕಾಲವನ್ನು ಇನ್ನೊಂದು ಕಡೆ ತಂದು ಇಂಟಿಗ್ರೇಟ್ ಮಾಡಿದರೆ, ಪೂರ್ತಿ ಖಾಲಿಯಾಗುವ ಕಾಲ = 2500 × √(2 × 1.2/9.8) = 1237 ಸೆಕೆಂಡು, ಸುಮಾರು 20.6 ನಿಮಿಷ. ಮಗನ ಉತ್ತರದ ಸರಿಯಾಗಿ ಎರಡರಷ್ಟು. ನೇರ ಗೋಡೆಯ ಯಾವ ಟ್ಯಾಂಕಿಗೂ ಈ ಎರಡರಷ್ಟು ಬದಲಾಗುವುದಿಲ್ಲ.

ಉಳಿದ ವ್ಯತ್ಯಾಸ ತೂತಿನದು. ಚೂಪು ಅಂಚಿನ ತೂತಿನಿಂದ ಬರುವ ನೀರಿನ ಧಾರೆ ಹೊರಬಿದ್ದ ಕೂಡಲೇ ಕಿರಿದಾಗುತ್ತದೆ, ನಿಜವಾದ ಹರಿವು ಲೆಕ್ಕದ ಸುಮಾರು 0.6 ಪಾಲು ಮಾತ್ರ. 20.6 ಅನ್ನು 0.6ರಿಂದ ಭಾಗಿಸಿದರೆ 34 ನಿಮಿಷ. ಪೈಪ್, ಬೆಂಡು, ವಾಲ್ವ್ ಸೇರಿದರೆ ಇನ್ನೂ ನಿಧಾನ. ಹೋಂವರ್ಕ್‌ನಲ್ಲಿ 0.6 ಕೊಟ್ಟಿಲ್ಲದಿದ್ದರೆ ಸೇರಿಸಬೇಡಿ.

ಇನ್ನೊಂದು ಸ್ವಾರಸ್ಯ: ಮೊದಲ ಅರ್ಧ ಟ್ಯಾಂಕ್ ಹೋಗಲು ಒಟ್ಟು ಕಾಲದ ಶೇ. 29 ಸಾಕು, ಉಳಿದ ಅರ್ಧಕ್ಕೆ ಶೇ. 71 ಬೇಕು. ಟ್ಯಾಂಕ್ ತೊಳೆಯುವ ದಿನ ಕೊನೆಯ ನಾಲ್ಕು ಬೆರಳು ನೀರು ಹೋಗದೆ ಕಾಡುವುದು ಇದಕ್ಕೇ.

ದೊಡ್ಡ ಟ್ಯಾಂಕ್ ಇಟ್ಟರೆ ಶವರ್‌ನಲ್ಲಿ ನೀರು ಜೋರಾಗಿ ಬರುತ್ತದೆಯೇ?

ಇಲ್ಲ. ಒತ್ತಡ ನಿರ್ಧಾರವಾಗುವುದು ಶವರ್‌ನಿಂದ ನೀರಿನ ಮಟ್ಟದವರೆಗಿನ ಎತ್ತರದಿಂದ, ಲೀಟರ್‌ನಿಂದಲ್ಲ. ಪ್ರತಿ ಮೀಟರ್‌ಗೆ 9.8 ಕಿಲೋಪ್ಯಾಸ್ಕಲ್, 10 ಮೀಟರ್‌ಗೆ ಸುಮಾರು 1 ಬಾರ್. ಮೇಲಿನ ಮಹಡಿಯ ಬಚ್ಚಲಿಗೆ 2 ಮೀಟರ್ ಎತ್ತರ ಸಿಕ್ಕರೆ 0.2 ಬಾರ್ ಅಷ್ಟೇ. ಸ್ಟ್ಯಾಂಡ್ ಎತ್ತರಿಸಿ, ಅಗಲದ ಪೈಪ್ ಹಾಕಿಸಿ, ಅಥವಾ ಪ್ರೆಷರ್ ಪಂಪ್ ಕೂರಿಸಿ.

ಕಾಫಿ ಆರುವ ಲೆಕ್ಕ ಹೇಗೆ ಮಾಡುವುದು?

ನ್ಯೂಟನ್ನನ ತಂಪಾಗುವಿಕೆಯ ನಿಯಮದಲ್ಲಿ ಕೋಣೆಗಿಂತ ಎಷ್ಟು ಬಿಸಿ ಇದೆ ಅನ್ನುವುದೇ ಲೆಕ್ಕಕ್ಕೆ ಬರುವುದು. ಕೋಣೆ 25 ಡಿಗ್ರಿ, ಕಾಫಿ 85, ಐದು ನಿಮಿಷಕ್ಕೆ 70ಕ್ಕೆ ಇಳಿಯಿತು. ವ್ಯತ್ಯಾಸ 60ರಿಂದ 45ಕ್ಕೆ, ಮುಕ್ಕಾಲು ಪಾಲಿಗೆ ಇಳಿದಿದೆ. 55 ಡಿಗ್ರಿಯಾಗಲು ವ್ಯತ್ಯಾಸ 30, ಅರ್ಧಕ್ಕೆ ಇಳಿಯಬೇಕು. ಕಾಲ = 5 × ಲಾಗ್ 2 / ಲಾಗ್ (4/3) = 12 ನಿಮಿಷ. ಲಾಗ್‌ಗಳ ಅನುಪಾತವಾದ್ದರಿಂದ ಯಾವ ಬುಡವಾದರೂ ನಡೆಯುತ್ತದೆ. ಸ್ಥಿರಾಂಕ "ಕೆ" ಬೇಕೆಂದರೆ ಮಾತ್ರ ಎಲ್‌ಎನ್ ಗುಂಡಿ, ಆಗ ಕೆ = ನಿಮಿಷಕ್ಕೆ 0.0575. 85, 70, 55 ಎಂದು ಹದಿನೈದು ಹದಿನೈದು ಕಳೆದು 10 ನಿಮಿಷ ಎನ್ನುವುದು ಎಲ್ಲರೂ ಮಾಡುವ ತಪ್ಪು.

ಲೋಟದಿಂದ ದವರಕ್ಕೆ ಎತ್ತಿ ಸುರಿದರೆ ಈ ಲೆಕ್ಕ ಕೈಕೊಡುತ್ತದೆ. ಗಾಳಿಗೆ ತೆರೆದುಕೊಂಡು ಆವಿಯಾಗುವುದು ಹೆಚ್ಚುತ್ತದೆ, ತಣ್ಣನೆಯ ಪಾತ್ರೆಯೂ ಬಿಸಿ ಎಳೆದುಕೊಳ್ಳುತ್ತದೆ.

ಕುಕ್ಕರ್ ಕೂಗಿದ ಮೇಲೂ ಉರಿ ಜೋರಾಗಿಟ್ಟರೆ ಬೇಗ ಬೇಯುವುದಿಲ್ಲವೇ?

ಇಲ್ಲ, ಗ್ಯಾಸ್ ದಂಡ. ಮನೆಯ ಕುಕ್ಕರ್‌ನ ವೇಯ್ಟ್ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಹಿಡಿದಿಟ್ಟುಕೊಳ್ಳುತ್ತದೆ. ಆ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿಯಲ್ಲಿ. ಕೂಗಲು ಶುರುವಾದ ಮೇಲೆ ಒಳಗಿನ ಉಷ್ಣತೆ ಅಲ್ಲಿಗೇ ನಿಲ್ಲುತ್ತದೆ, ಹೆಚ್ಚುವರಿ ಉರಿ ಆವಿಯಾಗಿ ಹೊರಗೆ ಹೋಗುತ್ತದೆ. ಸಣ್ಣ ಉರಿಯಲ್ಲಿಟ್ಟು ನಿಮಿಷ ಎಣಿಸಿ. ಕೂಗಿನ ಲೆಕ್ಕ ಒಲೆ, ನೀರು, ಪಾತ್ರೆಯ ಅಳತೆಗೆ ತಕ್ಕಂತೆ ಬದಲಾಗುತ್ತದೆ.

ವೇಯ್ಟ್ ಎಷ್ಟು ಗ್ರಾಂ ಇರಬೇಕು ಎಂದು ಫಿಸಿಕ್ಸ್ ಓದುವವರು ತೆಗೆಯಬಹುದು. ಆವಿಯ ತೂತಿನ ವ್ಯಾಸ 3 ಮಿಮೀ ಎಂದುಕೊಂಡರೆ ವಿಸ್ತೀರ್ಣ 7.07 ಚದರ ಮಿಮೀ. 1 ಬಾರ್ ಅಂದರೆ ಚದರ ಮಿಮೀಗೆ 0.1 ನ್ಯೂಟನ್, ಒಟ್ಟು 0.707 ನ್ಯೂಟನ್, 72 ಗ್ರಾಂ. ಇಷ್ಟು ಹಗುರದ ತುಂಡು ಅಷ್ಟು ಒತ್ತಡ ತಡೆಯುವುದು ತೂತು ಸಣ್ಣದಾಗಿರುವುದರಿಂದ. ಅದರ ಮೇಲೆ ಬೇರೇನನ್ನೂ ಹೇರಬೇಡಿ, ತೂತಿನಲ್ಲಿ ಅನ್ನದಗುಳು ಕಟ್ಟಿಕೊಂಡಿದೆಯೇ ಎಂದು ಪ್ರತಿ ಸಲ ಬೆಳಕಿಗೆ ಹಿಡಿದು ನೋಡಿ.

ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಾಗ ತೆರೆದ ಪಾತ್ರೆಯ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಮಂಗಳೂರಲ್ಲಿ 100 ಇದ್ದದ್ದು ಬೆಂಗಳೂರಲ್ಲಿ 97ರ ಆಸುಪಾಸು, ಮಡಿಕೇರಿಯಲ್ಲಿ 96. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಮಡಕೆ ನೀರು ರಾಯಚೂರಲ್ಲಿ ತಣ್ಣಗಿರುತ್ತದೆ, ಮಂಗಳೂರಲ್ಲಿ ಯಾಕಿಲ್ಲ?

ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖ ಎಳೆದುಕೊಳ್ಳುತ್ತದೆ, ಪ್ರತಿ ಗ್ರಾಂಗೆ ಸುಮಾರು 2.4 ಕಿಲೋಜೂಲ್. 10 ಲೀಟರ್ ಮಡಕೆಯಿಂದ 100 ಗ್ರಾಂ ಆವಿಯಾದರೆ 240 ಕಿಲೋಜೂಲ್, ಹೊರಗಿನ ಶಾಖ ಒಳಬರದಿದ್ದರೆ 5.7 ಡಿಗ್ರಿ ಇಳಿಕೆ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಆವಿಯಾಗುವುದೇ ಕಡಿಮೆ. ಮಡಕೆಗೆ ಬಣ್ಣ ಬಳಿದರೂ ಇದೇ ಗತಿ.

15 ಲೀಟರ್ ಗೀಸರ್ ಎಷ್ಟು ಹೊತ್ತು ಹಾಕಬೇಕು?

25 ಡಿಗ್ರಿಯ ನೀರನ್ನು 55ಕ್ಕೆ ತರಲು 15 × 4.18 × 30, ಸುಮಾರು 1880 ಕಿಲೋಜೂಲ್. 2 ಕಿಲೋವ್ಯಾಟ್ ಗೀಸರ್‌ಗೆ 940 ಸೆಕೆಂಡು, 16 ನಿಮಿಷ. ಒಂದು ಯೂನಿಟ್ ಅಂದರೆ 3600 ಕಿಲೋಜೂಲ್, ಖರ್ಚು ಅರ್ಧ ಯೂನಿಟ್ ಚಿಲ್ಲರೆ. ಲೆಕ್ಕಕ್ಕಿಂತ ತುಂಬಾ ಹೆಚ್ಚು ಹೊತ್ತು ಹಿಡಿದರೆ ಎಲಿಮೆಂಟಿಗೆ ಸುಣ್ಣ ಕಟ್ಟಿರಬಹುದು, ಅಥವಾ ಮನೆಗೆ ವೋಲ್ಟೇಜ್ ಕಡಿಮೆ ಬರುತ್ತಿರಬಹುದು.

ಬ್ರೇಕ್ ಹಾಕಿದಾಗ ಗಾಡಿ ನಿಲ್ಲುವ ದೂರದ ಲೆಕ್ಕದಲ್ಲಿ 262 ಮೀಟರ್ ಬಂತು. ಸರಿಯೇ?

ಗಂಟೆಗೆ 60 ಕಿಮೀ ಅನ್ನು ಹಾಗೇ ಸೂತ್ರಕ್ಕೆ ಹಾಕಿದ್ದೀರಿ. 3.6ರಿಂದ ಭಾಗಿಸಿ ಸೆಕೆಂಡಿಗೆ 16.7 ಮೀಟರ್ ಮಾಡಿಕೊಳ್ಳಿ. ದೂರ = ವೇಗ² / (2 × ಘರ್ಷಣಾಂಕ × 9.8). ಒಣ ಟಾರು ರಸ್ತೆಗೆ 0.7 ಹಿಡಿದರೆ 20 ಮೀಟರ್, ಮಳೆಯಲ್ಲಿ 0.4 ಹಿಡಿದರೆ 35. ಡ್ರೈವರ್ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು, ಅಷ್ಟರಲ್ಲಿ ಇನ್ನೂ 17 ಮೀಟರ್. 80ರ ವೇಗದಲ್ಲಿ ಒಣ ರಸ್ತೆಯಲ್ಲೇ ಒಟ್ಟು 58.

ವಿ = ಯು + ಎಟಿ ಸೂತ್ರ ಎಲ್ಲಿ ಬಳಸಬಾರದು?

ವೇಗೋತ್ಕರ್ಷ ಬದಲಾಗುತ್ತಿರುವಲ್ಲಿ. ವೇಗೋತ್ಕರ್ಷ 6ಟಿ ಎಂದು ಕೊಟ್ಟು, ನಿಂತ ಸ್ಥಿತಿಯಿಂದ 2 ಸೆಕೆಂಡಿನ ನಂತರ ಏನು ಎಂದು ಕೇಳಿದರೆ ಇಂಟಿಗ್ರೇಟ್ ಮಾಡಲೇಬೇಕು: ವೇಗ 3ಟಿ² = 12, ದೂರ ಟಿ³ = 8. ವೇಗೋತ್ಕರ್ಷ 12 ಎಂದು ಹಿಡಿದು ಹಳೆಯ ಸೂತ್ರ ಹಾಕಿದರೆ ಎರಡೂ 24 ಬರುತ್ತವೆ.

ಮೊಬೈಲ್ ಆ್ಯಪ್, ಎಐ ಕೊಟ್ಟ ಉತ್ತರ ನಂಬಬಹುದೇ?

ಗ್ರಾಫ್ ನೋಡಲು ಜಿಯೋಜೀಬ್ರಾ, ಡೆಸ್ಮಾಸ್ ಚೆನ್ನಾಗಿವೆ, ಎರಡೂ ಉಚಿತ. ವೋಲ್ಫ್ರಮ್ ಆಲ್ಫಾ ಉತ್ತರವನ್ನು ಉಚಿತವಾಗಿ ಕೊಡುತ್ತದೆ, ಪೂರ್ತಿ ಹೆಜ್ಜೆಗಳಿಗೆ ದುಡ್ಡು ಕೇಳುತ್ತದೆ. ಫೋಟೋ ತೆಗೆದು ಬಿಡಿಸುವ ಆ್ಯಪ್‌ಗಳು ಕೈಬರಹ ತಪ್ಪು ಓದುವುದುಂಟು, ಅದು ಓದಿಕೊಂಡ ಪ್ರಶ್ನೆಯನ್ನು ಮೊದಲು ನೋಡಿ. ಎಐ ಚಾಟ್‌ಗಳು ತಪ್ಪು ಗುಣಾಕಾರವನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತವೆ. "ಬಿಡಿಸು" ಅನ್ನುವ ಬದಲು ನಿಮ್ಮ ಸಾಲುಗಳನ್ನು ಕೊಟ್ಟು "ಮೊದಲ ತಪ್ಪು ಯಾವ ಸಾಲಿನಲ್ಲಿದೆ" ಎಂದು ಕೇಳಿ, ಬಂದ ಉತ್ತರಕ್ಕೆ ಮೇಲಿನ 1.001 ಪರೀಕ್ಷೆ ಮಾಡಿ.

ಸಿಇಟಿಯಲ್ಲಿ ಇಂಟಿಗ್ರೇಷನ್ ಪ್ರಶ್ನೆಗೆ ಸಮಯವೇ ಸಾಲುವುದಿಲ್ಲ.

60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡು. ದಾರಿ ಹೊಳೆಯದಿದ್ದರೆ ಕೊಟ್ಟ ನಾಲ್ಕು ಆಯ್ಕೆಗಳನ್ನೇ ಡಿಫರೆನ್ಶಿಯೇಟ್ ಮಾಡಿ, ಅದು ಯಾವಾಗಲೂ ಸುಲಭ. ಡೆಫಿನಿಟ್ ಇಂಟಿಗ್ರಲ್ ಆದರೆ ಚಿಹ್ನೆ ಮತ್ತು ಅಂದಾಜು ಗಾತ್ರ ನೋಡಿದರೇ ಒಂದೆರಡು ಆಯ್ಕೆ ಬಿದ್ದುಹೋಗುತ್ತವೆ. ಬೋರ್ಡ್ ಪರೀಕ್ಷೆಯಲ್ಲಿ ಈ ಉಪಾಯ ನಡೆಯದು, ಅಲ್ಲಿ ಮಾರ್ಕ್ಸ್ ಇರುವುದು ಹೆಜ್ಜೆಗಳಿಗೆ.

ಬೇಸಿಗೆಯಲ್ಲಿ ಫ್ರಿಜ್ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆಯೇ?

ಇಲ್ಲ, ಇನ್ನಷ್ಟು ಬಿಸಿಯಾಗುತ್ತದೆ. ಮುಂದಿನಿಂದ ಎಳೆದ ಶಾಖದ ಜತೆಗೆ ಕಂಪ್ರೆಸರ್ ತಿಂದ ಕರೆಂಟೂ ಶಾಖವಾಗಿ ಅದೇ ಕೋಣೆಗೆ ಬೀಳುತ್ತದೆ. ಫ್ಯಾನ್ ಕೂಡ ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ 75 ವ್ಯಾಟ್ ಫ್ಯಾನ್ 10 ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್ ದಂಡ.